ಚೆಲ್ಲಲಾಗದ ನೀರು, ಸೊಳ್ಳೆಮರಿಯನ್ನು ಕೊಲ್ಲುವ ಬ್ಯಾಕ್ಟೀರಿಯಾ

(ಜತ್ತ ತಾಲ್ಲೂಕಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಉಪನ್ಯಾಸವೆಂದರೆ ವಚನ ಸಾಹಿತ್ಯ, ಇಲ್ಲವೇ ಗಡಿನಾಡಿನ ಸಂಸ್ಕೃತಿ ಎಂಬುದು ರೂಢಿ. ಈ ವರ್ಷ ವಿಜ್ಞಾನದ ವಿಷಯ ಇರಲಿ, ಅದೂ ಊರಿನ ಆರೋಗ್ಯಕ್ಕೆ ಸಂಬಂಧಪಟ್ಟದ್ದಾಗಿರಲಿ ಎಂದು ದಾನಿಗಳು ಬಯಸಿದರು. ಸೂಕ್ಷ್ಮಜೀವಿಗಳ ಪಾಠ ಹೇಳುತ್ತ ಬಂದ ನನಗೆ ಇದಕ್ಕಿಂತ ಸಂತೋಷದ ಕರೆ ಬೇರೊಂದಿಲ್ಲ.

ನಾನು ಇಂದು ಹೇಳಬೇಕೆಂದಿರುವುದು ಒಂದೇ ಮಾತು. ನಿಂತ ನೀರನ್ನು ಚೆಲ್ಲಿರಿ, ವಾರಕ್ಕೊಮ್ಮೆ ಎಲ್ಲ ಪಾತ್ರೆ ಬರಿದು ಮಾಡಿರಿ ಎಂಬ ಆರೋಗ್ಯ ಇಲಾಖೆಗಳ ಉಪದೇಶ ನೀರಿರುವ ಊರಿಗೆ ಸರಿಯಾದದ್ದು. ಟ್ಯಾಂಕರ್ ಬರುವ ದಿನ ಎಣಿಸುವ ಮನೆಗೆ ಅದನ್ನು ಪಾಲಿಸುವುದು ಆಗದ ಕೆಲಸ. ಅಂಥ ಮನೆಗೆ ನೀರನ್ನು ಉಳಿಸಿಕೊಂಡೇ ಅದರೊಳಗಿನ ಸೊಳ್ಳೆಮರಿಯನ್ನು ಕೊಲ್ಲುವ ಉಪಾಯ ಬೇಕು. ಆ ಉಪಾಯ 1976ರಿಂದ ಗೊತ್ತಿದೆ, ನಮ್ಮ ದೇಶದಲ್ಲೇ ತಯಾರಾಗುತ್ತದೆ. ಅದು ಜತ್ತದ ಹೌದಗಳಿಗೆ, ಎಂದರೆ ಮನೆಮನೆಯ ನೀರಿನ ತೊಟ್ಟಿಗಳಿಗೆ, ಮುಟ್ಟಬೇಕು, ಮುಟ್ಟಿದ ಮೇಲೆ ತಿಳಿದು ಬಳಸುವಂತಾಗಬೇಕು.

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಪಶ್ಚಿಮಕ್ಕೆ ಕೃಷ್ಣೆ ಮತ್ತು ವಾರಣೆಯ ದಂಡೆಯಲ್ಲಿ ಕಬ್ಬು ಬೆಳೆದು ನಿಂತಿದೆ. ಪೂರ್ವದ ತುದಿಯಲ್ಲಿರುವ ಜತ್ತ ಮಳೆನೆರಳಿನ ಸೀಮೆ. ಬೋರ್ ನದಿ ವರ್ಷದ ಬಹುಕಾಲ ಬತ್ತಿಯೇ ಇರುತ್ತದೆ. ಮ್ಹೈಸಾಳ ಏತ ನೀರಾವರಿಯ ನೀರು ತಾಲ್ಲೂಕಿನ ಒಂದು ಭಾಗವನ್ನು ಮುಟ್ಟಿತು; ಗಡಿಯ ಕನ್ನಡ ಹಳ್ಳಿಗಳು ಕಾಯುತ್ತಲೇ ಉಳಿದವು. 2022ರ ಕೊನೆಯಲ್ಲಿ ಗಡಿ ವಿವಾದದ ನಡುವೆ ಈ ಹಳ್ಳಿಗಳ ಹೆಸರು ಎರಡೂ ರಾಜ್ಯಗಳ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು, ಕರ್ನಾಟಕದ ತುಬಚಿ-ಬಬಲೇಶ್ವರ ಯೋಜನೆಯ ನೀರು ಗಡಿ ದಾಟಿ ಹರಿದದ್ದು ನಿಮಗೆಲ್ಲ ನೆನಪಿದೆ. ಆ ರಾಜಕಾರಣ ಇಂದಿನ ವಿಷಯವಲ್ಲ. ನೀರು ಕಡಿಮೆ ಇದ್ದ ಕಡೆ ಜನ ನೀರನ್ನು ಕೂಡಿಡುತ್ತಾರೆ. ಕೂಡಿಟ್ಟ ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ. ನಮ್ಮ ಸಮಸ್ಯೆ ಇಲ್ಲಿಂದ ಶುರುವಾಗುತ್ತದೆ.

ಡೆಂಗೀ ಮತ್ತು ಚಿಕೂನ್‌ಗುನ್ಯ ಹರಡುವುದು ಈಡಿಸ್ ಈಜಿಪ್ಟೈ ಎಂಬ ಸೊಳ್ಳೆ. ಕಾಲಿನ ಮೇಲೆ ಬಿಳಿ ಪಟ್ಟೆಗಳಿರುತ್ತವೆ, ಕಚ್ಚುವುದು ಹಗಲಿನಲ್ಲಿ. ಗಟಾರದ ನೀರು ಇದಕ್ಕೆ ಸೇರುವುದಿಲ್ಲ, ಮನುಷ್ಯರು ತುಂಬಿಟ್ಟ ಸ್ವಚ್ಛ ನೀರೇ ಬೇಕು. ಮನೆಯ ಹೌದಕ್ಕೆ ಬ್ಯಾಟರಿ ಬೆಳಕು ಬಿಟ್ಟು, ನೀರಿನ ಅಂಚಿಗಿಂತ ಸ್ವಲ್ಪ ಮೇಲೆ ಸಿಮೆಂಟಿನ ಗೋಡೆಯನ್ನು ಕಣ್ಣಿಟ್ಟು ನೋಡಿ. ಸಾಸಿವೆಗಿಂತ ಸಣ್ಣದಾದ, ಉದ್ದನೆಯ ಕಪ್ಪು ಚುಕ್ಕೆಗಳು ಅಂಟಿಕೊಂಡಿರುತ್ತವೆ. ಅವು ಈಡಿಸ್‌ನ ಮೊಟ್ಟೆಗಳು. ಹೆಣ್ಣು ಸೊಳ್ಳೆ ಅವನ್ನು ಇಡುವುದು ನೀರಿಗಿಂತ ತುಸು ಮೇಲಿನ ಒದ್ದೆ ಗೋಡೆಗೆ. ನೀರು ಇಳಿದು ಗೋಡೆ ಒಣಗಿದರೂ ಮೊಟ್ಟೆ ಸಾಯುವುದಿಲ್ಲ, ತಿಂಗಳುಗಟ್ಟಲೆ ಜೀವ ಹಿಡಿದು ಕಾಯುತ್ತದೆ. ನೀರು ಮತ್ತೆ ಏರಿ ಮೊಟ್ಟೆಯನ್ನು ಮುಳುಗಿಸಿದಾಗ ಮರಿ ಹೊರಬರುತ್ತದೆ.

ಈಗ ನಮ್ಮ ಊರಿನ ಟ್ಯಾಂಕರಿನ ಲೆಕ್ಕ ಹಾಕಿ. ಟ್ಯಾಂಕರ್ ಬಂದ ದಿನ ಹೌದ ತುಂಬುತ್ತದೆ. ಮುಂದಿನ ದಿನಗಳಲ್ಲಿ ನೀರು ಮೊಳದಷ್ಟು ಇಳಿಯುತ್ತದೆ, ಇಳಿದ ಕಡೆ ಸೊಳ್ಳೆ ಮೊಟ್ಟೆ ಇಡುತ್ತದೆ. ತಳ ಕಾಣುವ ಮೊದಲೇ ಮತ್ತೆ ಟ್ಯಾಂಕರ್ ಬಂದು ಮೊಟ್ಟೆಗಳು ಮುಳುಗುತ್ತವೆ. ಬೆಚ್ಚನೆಯ ಹವೆಯಲ್ಲಿ ಮೊಟ್ಟೆ ಒಡೆದು ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಈ ಏರಿಳಿತವೇ ಈಡಿಸ್‌ಗೆ ಹೇಳಿ ಮಾಡಿಸಿದ ವ್ಯವಸ್ಥೆ. ಮಳೆ ಇಲ್ಲದ ಊರಿನಲ್ಲಿ ಸೊಳ್ಳೆಕಾಟ ಹೇಗೆ ಎಂದು ಕೇಳುವವರಿಗೆ ಇದೇ ಉತ್ತರ.

ಇದಕ್ಕೆ ಚರಿತ್ರೆಯ ಸಾಕ್ಷಿಯೂ ಇದೆ. 1972ರ ಭೀಕರ ಬರದ ಬೆನ್ನಿಗೆ, 1973ರಲ್ಲಿ, ಇಲ್ಲಿಂದ ದೂರವಿಲ್ಲದ ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಪಟ್ಟಣದಲ್ಲಿ ಚಿಕೂನ್‌ಗುನ್ಯ ಕಾಣಿಸಿಕೊಂಡು ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರನ್ನು ಮಲಗಿಸಿತು. ಆಮೇಲೆ ಮೂರು ದಶಕ ಆ ರೋಗದ ಸುದ್ದಿಯೇ ದೇಶದಲ್ಲಿ ಇರಲಿಲ್ಲ. ಅದು ತಿರುಗಿ ಬಂದಾಗ, 2006ರಲ್ಲಿ, ಕರ್ನಾಟಕದಲ್ಲಿ ಶಂಕಿತ ರೋಗಿಗಳ ಸಂಖ್ಯೆ 7.5 ಲಕ್ಷ ದಾಟಿತು, ಮಹಾರಾಷ್ಟ್ರದಲ್ಲಿ 2.5 ಲಕ್ಷ ದಾಟಿತು. ಕೀಲು ಹಿಡಿದು, ಗೋಡೆ ಹಿಡಿದು ನಡೆದ ಆ ವರ್ಷವನ್ನು ಗಡಿಯ ಎರಡೂ ಬದಿಯ ಹಿರಿಯರು ಮರೆತಿಲ್ಲ. ಈಡಿಸ್ ತನ್ನ ಜೀವಮಾನದಲ್ಲಿ ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್‌ಗಿಂತ ಆಚೆ ಸಾಮಾನ್ಯವಾಗಿ ಹೋಗುವುದಿಲ್ಲ. ನಿಮ್ಮನ್ನು ಕಚ್ಚಿದ ಸೊಳ್ಳೆ ಬಹುಮಟ್ಟಿಗೆ ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಹುಟ್ಟಿದ್ದು.

ಮರಿಯನ್ನು ನೀರಿನಲ್ಲೇ ಹಿಡಿಯುವ ಯೋಚನೆ ಹೊಸದಲ್ಲ. 1897ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾದ ಪರಾವಲಂಬಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್, ಅದಕ್ಕೆ ಹದಿನಾಲ್ಕು ವರ್ಷ ಮೊದಲು ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದರು. ತಮ್ಮ ಬಂಗಲೆಯ ಕಿಟಕಿಯ ಬಳಿ ಇದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಕುಣಿಯುತ್ತಿದ್ದುದನ್ನು ಅವರು ಅಲ್ಲಿಯೇ ಕಂಡರು. ತೊಟ್ಟಿಯನ್ನು ಬೋರಲು ಹಾಕಿದ ಮೇಲೆ ಮನೆಯಲ್ಲಿ ಸೊಳ್ಳೆ ಕಡಿಮೆಯಾಯಿತು. ಹಾರುವ ಸೊಳ್ಳೆಯ ಬೆನ್ನು ಹತ್ತುವುದಕ್ಕಿಂತ ನೀರಲ್ಲಿರುವ ಮರಿಯನ್ನು ಹಿಡಿಯುವುದು ಸುಲಭ ಎಂಬ ಅರಿವು ಕನ್ನಡ ನೆಲದಲ್ಲೇ ಅವರಿಗೆ ಬಂತು. ಆದರೆ ಅವರ ತೊಟ್ಟಿಯ ನೀರು ಚೆಲ್ಲಬಹುದಾದ ನೀರಾಗಿತ್ತು.

ಮುಂದೆ ರಾಸಾಯನಿಕಗಳ ಕಾಲ ಬಂತು. 1946ರಲ್ಲಿ ಮುಂಬಯಿ ಪ್ರಾಂತದ ಡಾ. ಡಿ.ಕೆ. ವಿಶ್ವನಾಥನ್ ಮನೆಯೊಳಗೆ ಡಿಡಿಟಿ ಸಿಂಪಡಿಸುವ ದೊಡ್ಡ ಪ್ರಯೋಗವನ್ನು ಆರಂಭಿಸಿದ್ದು ಧಾರವಾಡ ಮತ್ತು ಕೆನರಾ ಜಿಲ್ಲೆಗಳಲ್ಲಿ. ಅದರ ಯಶಸ್ಸು 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಬಲ ಕೊಟ್ಟಿತು. ವರ್ಷಕ್ಕೆ 7.5 ಕೋಟಿ ಎಂದು ಅಂದಾಜಾಗಿದ್ದ ರೋಗಿಗಳು 1965ರ ಹೊತ್ತಿಗೆ ಒಂದು ಲಕ್ಷದ ಆಸುಪಾಸಿಗೆ ಇಳಿದರು. ಆ ನೆಮ್ಮದಿ ಉಳಿಯಲಿಲ್ಲ. ಸೊಳ್ಳೆಗಳು ಡಿಡಿಟಿಯನ್ನು ಅರಗಿಸಿಕೊಂಡವು, ನಿಗಾ ಸಡಿಲವಾಯಿತು, 1976ರಲ್ಲಿ ರೋಗಿಗಳ ಸಂಖ್ಯೆ ಮತ್ತೆ 64 ಲಕ್ಷಕ್ಕೆ ಏರಿತು.

ಅದೇ 1976ರಲ್ಲಿ, ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ, ಯೋಯೆಲ್ ಮಾರ್ಗಲಿತ್ ಮತ್ತು ಲಿಯೊನಾರ್ಡ್ ಗೋಲ್ಡ್‌ಬರ್ಗ್ ಎಂಬ ಇಬ್ಬರು ವಿಜ್ಞಾನಿಗಳು ಸೊಳ್ಳೆಮರಿಗಳಿಗೆ ತಗಲುವ ರೋಗಗಳನ್ನು ಹುಡುಕುತ್ತ ಅಲೆಯುತ್ತಿದ್ದರು. ಒಣಗಿದ ಹೊಳೆಯೊಂದರ ಪಾತ್ರದಲ್ಲಿ ಸಣ್ಣ ಹೊಂಡವೊಂದು ಉಳಿದಿತ್ತು. ಅದರ ಮೇಲೆಲ್ಲ ಸತ್ತ, ಸಾಯುತ್ತಿರುವ ಕ್ಯುಲೆಕ್ಸ್ ಸೊಳ್ಳೆಯ ಮರಿಗಳು ಒತ್ತಾಗಿ ತೇಲುತ್ತಿದ್ದವು. ಅಲ್ಲಿಂದ ತಂದ ಮಾದರಿಯಲ್ಲಿ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. 1978ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಡಿ ಬಾರ್ಜಾಕ್ ಅದನ್ನು ಬ್ಯಾಸಿಲಸ್ ಥುರಿಂಜಿಯೆನ್ಸಿಸ್‌ನ ಹೊಸ ಉಪಜಾತಿ ಎಂದು ಗುರುತಿಸಿ ಇಸ್ರೇಲೆನ್ಸಿಸ್ ಎಂದು ಕರೆದರು. ಬಳಕೆಯಲ್ಲಿ ಅದು ಬಿಟಿಐ. ಮಾರ್ಗಲಿತ್ ಅವರಿಗೆ 2003ರಲ್ಲಿ ಪರಿಸರ ವಿಜ್ಞಾನದ ಟೈಲರ್ ಪ್ರಶಸ್ತಿ ಬಂತು. ಬತ್ತಿದ ಹೊಳೆಯ ಹೊಂಡದಲ್ಲಿ ಸಿಕ್ಕ ಜೀವಿ ಬತ್ತಿದ ಹೊಳೆಗಳ ಸೀಮೆಗೆ ಉಪಕಾರಿಯಾಗುತ್ತದೆ ಎಂಬುದನ್ನು ನಾವು ಗಮನಿಸಬೇಕು.

ಬಿಟಿ ಎಂದೊಡನೆ ನಿಮಗೆ ಬಿಟಿ ಹತ್ತಿ ನೆನಪಾಗಿರಬೇಕು. ಜಾತಿ ಒಂದೇ, ಉಪಜಾತಿ ಬೇರೆ. 1901ರಲ್ಲಿ ಜಪಾನಿನ ಶಿಗೆತಾನೆ ಇಶಿವಾತಾ ರೇಷ್ಮೆಹುಳುಗಳನ್ನು ದಿಢೀರನೆ ಕೊಲ್ಲುವ ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಕಂಡರು. ಹತ್ತು ವರ್ಷದ ನಂತರ ಜರ್ಮನಿಯ ಥುರಿಂಜಿಯಾದಲ್ಲಿ ಅರ್ನ್ಸ್ಟ್ ಬರ್ಲಿನರ್ ಹಿಟ್ಟಿನ ಪತಂಗದಲ್ಲಿ ಅದೇ ಜಾತಿಯನ್ನು ಕಂಡು, ಆ ಪ್ರಾಂತದ ಹೆಸರನ್ನೇ ಅದಕ್ಕಿಟ್ಟರು. ಹತ್ತಿಗೆ ಸೇರಿಸಿದ ಜೀನ್ ಬಂದದ್ದು ಕುರ್ಸ್ಟಾಕಿ ಎಂಬ ಉಪಜಾತಿಯಿಂದ, ಅದು ಎಲೆ-ಕಾಯಿ ತಿನ್ನುವ ಕೀಡೆಗಳಿಗೆ ಮಾರಕ. ಬಿಟಿಐ ಮಾರಕವಾಗುವುದು ಸೊಳ್ಳೆ, ಕಪ್ಪುನೊಣ ಮತ್ತು ಅವುಗಳ ಹತ್ತಿರದ ಬಂಧುಗಳ ಮರಿಗಳಿಗೆ. ರೇಷ್ಮೆಹುಳುವಿಗೆ ಅದರಿಂದ ತೊಂದರೆಯಿಲ್ಲ. ದ್ರಾಕ್ಷಿ, ದಾಳಿಂಬೆ ಬೆಳೆಯುವ ರೈತರಿಗೆ ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಕೃಷಿ ಅಂಗಡಿಯಲ್ಲಿ ಕೀಡೆಗೆಂದು ಸಿಗುವ ಬಿಟಿ ಪುಡಿಯಿಂದ ಸೊಳ್ಳೆಮರಿ ಸಾಯುವುದಿಲ್ಲ, ಅದನ್ನು ಮನೆಯ ನೀರಿಗೆ ಹಾಕಲೂಬಾರದು.

ಹಾಗಾದರೆ ಬಿಟಿಐ ಕೊಲ್ಲುವುದು ಹೇಗೆ? ಆಹಾರ ಮುಗಿದಾಗ ಈ ಬ್ಯಾಕ್ಟೀರಿಯಾ ತನ್ನೊಳಗೆ ಗಟ್ಟಿ ಬೀಜಾಣುವೊಂದನ್ನು ಕಟ್ಟಿಕೊಳ್ಳುತ್ತದೆ. ಜೊತೆಗೆ, ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಸಣ್ಣ ಪ್ರೋಟೀನ್ ಹರಳನ್ನೂ ಕಟ್ಟುತ್ತದೆ. ಆ ಹರಳಿನಲ್ಲಿ ಮುಖ್ಯವಾಗಿ ನಾಲ್ಕು ಪ್ರೋಟೀನುಗಳಿವೆ: ಕ್ರೈ4ಎ, ಕ್ರೈ4ಬಿ, ಕ್ರೈ11ಎ ಮತ್ತು ಸೈಟ್1ಎ. ಇವುಗಳ ಜೀನುಗಳಿರುವುದು ಬ್ಯಾಕ್ಟೀರಿಯಾದ ಒಂದೇ ಪ್ಲಾಸ್ಮಿಡ್‌ನಲ್ಲಿ, ಎಂದರೆ ಒಂದೇ ಡಿಎನ್‌ಎ ಉಂಗುರದಲ್ಲಿ. ಸುಮಾರು 1.28 ಲಕ್ಷ ಅಕ್ಷರ ಉದ್ದದ ಆ ಪ್ಲಾಸ್ಮಿಡ್ಡನ್ನು ವಿಜ್ಞಾನಿಗಳು 2002ರಲ್ಲಿ ಪೂರ್ತಿ ಓದಿ ಮುಗಿಸಿದರು. ನೀರಲ್ಲಿರುವಾಗ ಹರಳು ವಿಷವಲ್ಲ. ಸೊಳ್ಳೆಮರಿ ಬಾಯಿಯ ಕುಂಚಗಳನ್ನು ಬೀಸುತ್ತ ನೀರಿನ ಕಣಗಳನ್ನೆಲ್ಲ ಒಳಗೆಳೆದು ತಿನ್ನುತ್ತದಲ್ಲ, ಆಗ ಹರಳೂ ಹೊಟ್ಟೆಗೆ ಹೋಗುತ್ತದೆ. ಮರಿಯ ಕರುಳು ತೀರ ಕ್ಷಾರೀಯ, ಅಲ್ಲಿನ ಪಿಎಚ್ 10ರ ಆಸುಪಾಸು. ಆ ಕ್ಷಾರದಲ್ಲಿ ಹರಳು ಕರಗುತ್ತದೆ. ಕರಗಿದ ಪ್ರೋಟೀನನ್ನು ಮರಿಯ ಜೀರ್ಣರಸವೇ ಕತ್ತರಿಸಿ ಚುರುಕುಗೊಳಿಸುತ್ತದೆ. ಚುರುಕಾದ ತುಂಡು ಕರುಳಿನ ಕೋಶಗಳ ಮೇಲಿನ ಗ್ರಾಹಕಗಳಿಗೆ ಅಂಟಿಕೊಂಡು ಕೋಶಪೊರೆಯಲ್ಲಿ ರಂಧ್ರ ಕೊರೆಯುತ್ತದೆ. ರಂಧ್ರದಿಂದ ನೀರು ನುಗ್ಗಿ ಕೋಶ ಉಬ್ಬಿ ಒಡೆಯುತ್ತದೆ.

ಇದನ್ನು ಶಾಲೆಯಲ್ಲಿ ಮಕ್ಕಳಿಗೆ ತೋರಿಸಬಹುದು. ಎರಡು ಗಾಜಿನ ಲೋಟಗಳಲ್ಲಿ ಹೌದದ ನೀರು, ಒಂದೊಂದರಲ್ಲೂ ಹತ್ತು ಮರಿ. ಒಂದಕ್ಕೆ ಮಾತ್ರ ಬಿಟಿಐ. ಮೊದಲಿಗೆ ಎರಡರಲ್ಲೂ ಮರಿಗಳು ತಲೆಕೆಳಗಾಗಿ ನೇತಾಡುತ್ತ, ಲೋಟ ಅಲುಗಿದರೆ ಸರ್ರನೆ ತಳಕ್ಕೆ ಇಳಿದು ಮತ್ತೆ ಮೇಲೇರುತ್ತಿರುತ್ತವೆ. ಸ್ವಲ್ಪ ಹೊತ್ತಿಗೆ ಬಿಟಿಐ ಹಾಕಿದ ಲೋಟದ ಮರಿಗಳು ತಿನ್ನುವುದನ್ನು ನಿಲ್ಲಿಸುತ್ತವೆ. ಆಮೇಲೆ ಲೋಟ ತಟ್ಟಿದರೂ ಅವು ಮೊದಲಿನಂತೆ ಓಡುವುದಿಲ್ಲ, ಮೈ ಸೆಟೆಯುತ್ತದೆ. ಮರುದಿನ ಶಾಲೆಗೆ ಬರುವ ಹೊತ್ತಿಗೆ ಎಲ್ಲವೂ ಸತ್ತಿರುತ್ತವೆ. ಪಕ್ಕದ ಲೋಟದ ಮರಿಗಳು ಎಂದಿನಂತೆ ಆಡುತ್ತಿರುತ್ತವೆ. ಕೊನೆಗೆ ಆ ಲೋಟವನ್ನು ಬಿಸಿಲಿಗೆ ಕಾದ ನೆಲಕ್ಕೆ ಸುರಿದು ಬಿಡಬೇಕು, ಒಂದೂ ಸೊಳ್ಳೆಯಾಗಿ ಹಾರಬಾರದು.

ಆ ನೀರನ್ನು ನಾವು ಕುಡಿಯಬಹುದೇ ಎಂದು ತಾಯಂದಿರು ಕೇಳುತ್ತಾರೆ, ಕೇಳಲೇಬೇಕಾದ ಪ್ರಶ್ನೆ ಅದು. ಮನುಷ್ಯನ ಜಠರ ಆಮ್ಲೀಯ. ಹರಳು ವಿಷವಾಗಲು ಬೇಕಾದ ಕ್ಷಾರವಾಗಲಿ, ಸೊಳ್ಳೆಮರಿಯ ಕರುಳಿನಂಥ ಗ್ರಾಹಕಗಳಾಗಲಿ ನಮ್ಮಲ್ಲಿ ಇಲ್ಲ. ದನಕರು, ಮೀನು, ಜೇನುನೊಣಗಳಿಗೂ ಅದು ಬಾಧಕವಲ್ಲ. ಕುಡಿಯುವ ನೀರಿನ ಪಾತ್ರೆಗಳಲ್ಲಿ ಬಳಸಲು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿರುವ ಲಾರ್ವಾನಾಶಕಗಳಲ್ಲಿ ಬಿಟಿಐ ಸೇರಿದೆ. ಪ್ರಮಾಣ ಲೀಟರಿಗೆ 1ರಿಂದ 5 ಮಿಲಿಗ್ರಾಂ. ಎಂದರೆ ಸಾವಿರ ಲೀಟರಿನ ಹೌದಕ್ಕೆ 1ರಿಂದ 5 ಗ್ರಾಂ. ಒಂದು ಷರತ್ತು ಮಾತ್ರ ಬಿಡುವಂತಿಲ್ಲ: ಕುಡಿಯುವ ನೀರಿಗೆಂದೇ ಶುಚಿಯಾಗಿ ತಯಾರಿಸಿ, ಪರೀಕ್ಷೆಯಾಗಿ, ಹಾಗೆಂದು ಅನುಮತಿ ಪಡೆದ ಸರಕನ್ನೇ ಹಾಕಬೇಕು. ಗಟಾರಕ್ಕೆಂದು ಬಂದ ಡಬ್ಬಿಯನ್ನು ಹೌದಕ್ಕೆ ಸುರಿಯಬಾರದು.

ಈಗ ಇದರ ಮಿತಿಗಳು. ತಿನ್ನುವ ಮರಿಯ ಮೇಲೆ ಮಾತ್ರ ಬಿಟಿಐ ಕೆಲಸ ಮಾಡುತ್ತದೆ. ಮೊಟ್ಟೆಯ ಮೇಲೆ, ಅಲ್ಪವಿರಾಮದಂತೆ ಬಾಗಿ ತೇಲುವ ಕೋಶಾವಸ್ಥೆಯ ಮೇಲೆ ಅದರ ಆಟ ನಡೆಯುವುದಿಲ್ಲ, ಅವೆರಡೂ ಏನನ್ನೂ ತಿನ್ನುವುದಿಲ್ಲ. ಬಿಸಿಲು ಹರಳನ್ನು ಕೆಡಿಸುತ್ತದೆ, ಹರಳು ತಳಕ್ಕೆ ಇಳಿಯುತ್ತದೆ, ಕೊಳಕು ನೀರಿನಲ್ಲಿ ಬೇರೆ ಕಣಗಳ ನಡುವೆ ಹಂಚಿಹೋಗುತ್ತದೆ. ನೀರಿನ ಮೇಲ್ಮೈಯಲ್ಲೇ ಮೇಯುವ, ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯ ಮರಿಗಳಿಗೆ, ಆ ಕಾರಣಕ್ಕೆ, ತೇಲುವಂತೆ ಮಾಡಿದ ಸರಕು ಬೇಕು. ಆದ್ದರಿಂದ ಒಮ್ಮೆ ಹಾಕಿ ಮರೆಯುವ ಔಷಧ ಇದಲ್ಲ. ತಯಾರಿಕೆಯನ್ನೂ ನೀರನ್ನೂ ನೋಡಿ, ವಾರಕ್ಕೋ ಎರಡು ವಾರಕ್ಕೋ ಮತ್ತೆ ಹಾಕಬೇಕು.

ಗಟಾರ, ಶೌಚಗುಂಡಿಗಳಲ್ಲಿ ಹುಟ್ಟಿ ಆನೆಕಾಲು ರೋಗ ಹರಡುವ ಕ್ಯುಲೆಕ್ಸ್‌ಗೆ ಇನ್ನೊಂದು ಬ್ಯಾಕ್ಟೀರಿಯಾ ಇದೆ, ಲೈಸಿನಿಬ್ಯಾಸಿಲಸ್ ಸ್ಫೇರಿಕಸ್. ಇದು ಕೊಳಕು ನೀರಿನಲ್ಲೂ ಹೆಚ್ಚು ದಿನ ಬಾಳುತ್ತದೆ, ಸತ್ತ ಮರಿಯ ದೇಹದೊಳಗೆ ಮತ್ತೆ ಬೆಳೆಯಲೂಬಲ್ಲದು. ಆದರೆ ಈಡಿಸ್ ಈಜಿಪ್ಟೈ ಇದಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ಹೌದಕ್ಕೆ ಬಿಟಿಐ, ಗಟಾರಕ್ಕೆ ಸ್ಫೇರಿಕಸ್ ಎಂದು ನೆನಪಿಟ್ಟುಕೊಂಡರೆ ಸಾಕು.

ಸ್ಫೇರಿಕಸ್‌ನ ಕಥೆಯಲ್ಲಿ ನಮ್ಮ ದೇಶಕ್ಕೇ ಸೇರಿದ ಪಾಠವೊಂದಿದೆ. ಅದರ ವಿಷ ಬಿನ್-ಎ, ಬಿನ್-ಬಿ ಎಂಬ ಎರಡು ಪ್ರೋಟೀನುಗಳ ಜೋಡಿ. ಎರಡೂ ಸೇರಿ ಕ್ಯುಲೆಕ್ಸ್ ಕರುಳಿನ ಒಂದೇ ಗ್ರಾಹಕವನ್ನು ಹಿಡಿಯುತ್ತವೆ. ಕೇರಳದ ಕೊಚ್ಚಿಯಲ್ಲಿ ಎರಡು ವರ್ಷ ಎಡೆಬಿಡದೆ ಇದನ್ನೊಂದನ್ನೇ ಸಿಂಪಡಿಸಿದಾಗ ಅಲ್ಲಿನ ಕ್ಯುಲೆಕ್ಸ್ ಮರಿಗಳು 146 ಪಟ್ಟು ನಿರೋಧ ಬೆಳೆಸಿಕೊಂಡವು. ಮದುರೈನ ಸಂಶೋಧಕರು ಇದನ್ನು 1995ರಲ್ಲಿ ಪ್ರಕಟಿಸಿದರು. ಒಂದೇ ಬಾಗಿಲಿನ ಮನೆಗೆ ಒಳಗಿನಿಂದ ಅಗುಳಿ ಹಾಕಿಕೊಂಡರೆ ಕೆಲಸ ಮುಗಿಯಿತು; ಬಿಟಿಐ ನಾಲ್ಕು ಕಡೆಯಿಂದ ಬರುತ್ತದೆ, ಅದರಲ್ಲಿ ಸೈಟ್1ಎ ಬಾಗಿಲನ್ನೇ ಹುಡುಕದೆ ಗೋಡೆಗೆ ಕನ್ನ ಹಾಕುತ್ತದೆ. ಸೈಟ್1ಎ ಗ್ರಾಹಕದ ಹಂಗಿಲ್ಲದೆ ಪೊರೆಯ ಕೊಬ್ಬಿಗೇ ಅಂಟುತ್ತದೆ, ಹಾಗೆ ಅಂಟಿದ ಮೇಲೆ ಕ್ರೈ11ಎಗೆ ತಾನೇ ಗ್ರಾಹಕವಾಗಿ ನಿಲ್ಲುತ್ತದೆ ಎಂದು 2005ರಲ್ಲಿ ಮೆಕ್ಸಿಕೊದ ವಿಜ್ಞಾನಿಗಳು ತೋರಿಸಿದರು. ಜರ್ಮನಿಯ ರೈನ್ ನದಿ ಬಯಲಿನಲ್ಲಿ 1980ರ ದಶಕದಿಂದ ಬಿಟಿಐ ಬಳಕೆಯಲ್ಲಿದೆ. ಪಶ್ಚಿಮ ಆಫ್ರಿಕದಲ್ಲಿ ಜನರನ್ನು ಕುರುಡಾಗಿಸುವ ರೋಗ ಹರಡುತ್ತಿದ್ದ ಕಪ್ಪುನೊಣಗಳು ಟೆಮೆಫಾಸ್ ಎಂಬ ರಾಸಾಯನಿಕಕ್ಕೆ ಬಗ್ಗದೇ ಹೋದಾಗ ಅಲ್ಲಿನ ನದಿಗಳಿಗೂ ಇದನ್ನೇ ಬಿಟ್ಟರು. ಇಷ್ಟು ವರ್ಷಗಳಲ್ಲಿ ಬಿಟಿಐಗೆ ಗಟ್ಟಿಯಾದ ನಿರೋಧ ಹೊಲಮನೆಗಳಲ್ಲಿ ನೆಲೆಯೂರಿಲ್ಲ.

ಪರಿಸರದ ಲೆಕ್ಕವನ್ನೂ ಮುಚ್ಚಿಡಬಾರದು. ಫ್ರಾನ್ಸಿನ ಕಮಾರ್ಗ್ ಜೌಗಿನಲ್ಲಿ ವಿಶಾಲವಾಗಿ ಬಿಟಿಐ ಸಿಂಪಡಿಸಿದ ಕಡೆ ಕವಲುತೋಕೆಗಳ ಬಂಧುವಾದ ಹಕ್ಕಿಯೊಂದರ ಮರಿಗಳು ಕಡಿಮೆಯಾದವೆಂದು 2010ರಲ್ಲಿ ವರದಿಯಾಯಿತು, ಅವು ತಿನ್ನುವ ಕೀಟಗಳು ಕಡಿಮೆಯಾಗಿದ್ದೇ ಕಾರಣ. ಸಂಖ ಊರಿನ ಕೆರೆಗೋ ಬೋರ್ ನದಿಯ ಮಡುವಿಗೋ ಇದನ್ನು ಸುರಿಯಿರಿ ಎಂದು ನಾನು ಹೇಳುವುದಿಲ್ಲ. ಮನುಷ್ಯ ಕಟ್ಟಿದ, ಮನುಷ್ಯ ತುಂಬಿದ ನೀರಿಗೆ ಅದು ಸೀಮಿತವಾಗಿರಲಿ. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಕ್ಕೆ ಗಪ್ಪಿ ಮೀನು ಸಾಕು. ತುಮಕೂರು ಜಿಲ್ಲೆಯ ಹಳ್ಳಿಮನೆಗಳ ಸಿಮೆಂಟ್ ತೊಟ್ಟಿಗಳಲ್ಲಿ ಮಲೇರಿಯಾ ಸಂಶೋಧಕರು ಮೀನು ಬಿಟ್ಟು ಈಡಿಸ್ ಮರಿಗಳನ್ನು ಹತೋಟಿಗೆ ತಂದದ್ದು ದಾಖಲಾಗಿದೆ. ಕುಡಿಯುವ ನೀರಿಗೆ ಮೀನು ಬೇಡವೆನ್ನುವ ಮನೆಗಳು ನಮ್ಮಲ್ಲಿ ಬಹಳ. ಅಂಥ ಮನೆಗೆ ಬಿಟಿಐ ಒಪ್ಪುತ್ತದೆ.

ಸರಕು ಎಲ್ಲಿಂದ ತರುವುದು ಎಂದರೆ, ಬಹುದೂರ ಹೋಗಬೇಕಿಲ್ಲ. 1975ರಲ್ಲಿ ಸ್ಥಾಪನೆಯಾದ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರ ಬಿ-17 ಎಂಬ ಸ್ವದೇಶಿ ಬಿಟಿಐ ತಳಿಯನ್ನು ಬೆಳೆಸಿ, ತಯಾರಿಕೆಯ ತಂತ್ರವನ್ನು ದೇಶದ ಕಂಪನಿಗಳಿಗೆ ಕೊಟ್ಟಿದೆ. ಕ್ಯೂಬಾ ದೇಶದ ಬಿಟಿಐ ದ್ರಾವಣವೊಂದನ್ನು ಬೆಂಗಳೂರಿನಲ್ಲಿ ಪರೀಕ್ಷಿಸಿದ ವರದಿ 2018ರಲ್ಲಿ ಬಂದಿದೆ. ರೋಗವಾಹಕಗಳಿಂದ ಹರಡುವ ರೋಗಗಳ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಒಪ್ಪಿರುವ ಲಾರ್ವಾನಾಶಕಗಳ ಪಟ್ಟಿಯಲ್ಲೂ ಬಿಟಿಐ ಇದೆ. ಕೇಳುವವರು ಬೇಕು.

ಹಾಗಾದರೆ ನಾಳೆಯಿಂದ ಏನು ಮಾಡಬೇಕು? ಹೌದ ಬರಿದಾಗುವ ಹಿಂದಿನ ಸಂಜೆ, ಉಳಿದ ನೀರನ್ನು ಕೊಡಗಳಿಗೆ ಸೋಸಿ ತುಂಬಿಟ್ಟು, ಒಳಗೋಡೆಯನ್ನು ಒರಟು ಬ್ರಷ್‌ನಿಂದ ತಿಕ್ಕಿ. ಮೊಟ್ಟೆ ಉದುರುವುದು ತಿಕ್ಕಿದರೆ ಮಾತ್ರ. ತಿಕ್ಕಿದ ಕೆಸರನ್ನು ಒಣ ನೆಲಕ್ಕೆ ಚೆಲ್ಲಿ. ಟ್ಯಾಂಕರ್ ಬಂದು ಹೌದ ತುಂಬಿದ ದಿನವೇ ಆಶಾ ಕಾರ್ಯಕರ್ತೆಯ ಮುಂದೆ ಅಳತೆ ಮಾಡಿ ಬಿಟಿಐ ಹಾಕಿಸಿ. ಮೇಲೆ ಬಿಗಿಯಾದ ಮುಚ್ಚಳ ಇಲ್ಲವೇ ಬಟ್ಟೆ ಕಟ್ಟಿ. ಗುಡ್ಡಾಪುರದ ದಾನಮ್ಮದೇವಿ ಜಾತ್ರೆಯಂಥ ಸಂದರ್ಭದಲ್ಲಿ ಸಾವಿರಾರು ಭಕ್ತರಿಗೆಂದು ತುಂಬಿಡುವ ತೊಟ್ಟಿಗಳಿಗೂ ಇದೇ ಕ್ರಮ ಇರಲಿ. ಟ್ಯಾಂಕರಿನ ವೇಳಾಪಟ್ಟಿ ಮತ್ತು ಲಾರ್ವಾನಾಶಕದ ವೇಳಾಪಟ್ಟಿ ಒಂದೇ ಕಾಗದದ ಮೇಲೆ ಬರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಆ ಕಾಗದ ಮರಾಠಿಯ ಜೊತೆಗೆ ಕನ್ನಡದಲ್ಲೂ ಇರಬೇಕು. ಹೌದದ ಮುಂದೆ ನಿಂತು ಅಳತೆ ಮಾಡುವ ತಾಯಿಗೆ ತಿಳಿಯುವ ಭಾಷೆಯಲ್ಲಿ ಪ್ರಮಾಣ ಬರೆದಿರಬೇಕು.

ಕೊನೆಗೆ ನಿಮ್ಮಲ್ಲಿ ನನ್ನದೊಂದು ವಿನಂತಿ. ಮುಂದಿನ ಗ್ರಾಮಸಭೆಯಲ್ಲಿ ನೀರಿನ ವಿಷಯ ಬಂದೇ ಬರುತ್ತದೆ. ಟ್ಯಾಂಕರ್ ಯಾವಾಗ ಎಂದು ಕೇಳುವಾಗಲೇ, ಅದರ ನೀರಿಗೆ ಹಾಕುವ ಬಿಟಿಐ ಯಾವಾಗ ಎಂದೂ ಕೇಳಿ. ಉತ್ತರವನ್ನು ಠರಾವಿನಲ್ಲಿ ಬರೆಸಿಕೊಳ್ಳಿ. ಗುರುಗಳು ಎರಡು ಲೋಟಗಳ ಪ್ರಯೋಗವನ್ನು ಈ ವರ್ಷವೇ ತಮ್ಮ ತಮ್ಮ ಶಾಲೆಯಲ್ಲಿ ಮಾಡಿ ತೋರಿಸಿ. ನೀರು ಕೊಡುವುದು ಸರ್ಕಾರದ ಹೊಣೆ ಎಂದು ನಾವು ಹೋರಾಡಿದ್ದೇವೆ. ಆ ನೀರು ರೋಗ ತಾರದಂತೆ ನೋಡಿಕೊಳ್ಳುವುದೂ ಅದೇ ಹೊಣೆಯ ಭಾಗ. ಅದನ್ನೂ ಅಷ್ಟೇ ಗಟ್ಟಿಯಾಗಿ ಕೇಳೋಣ.